ಪ್ರಾಸ್ಟೇಟ್ ಕ್ಯಾನ್ಸರ್ ಆರೈಕೆಯ ಗುಣಮಟ್ಟ ಮಾಪನ

ಪ್ರಾಸ್ಟೇಟ್ ಕ್ಯಾನ್ಸರ್ ರೋಗಿಗೆ ಸಿಗುವ ತಪಾಸಣೆ, ಚಿಕಿತ್ಸೆ ಮತ್ತು ಅನಂತರದ ಆರೈಕೆ ಎಷ್ಟು ಸಕಾಲಿಕ, ಸೂಕ್ತ ಹಾಗೂ ಸುರಕ್ಷಿತವಾಗಿದೆ ಎಂಬುದನ್ನು ಮೊದಲೇ ನಿಗದಿಪಡಿಸಿದ ಸೂಚಕಗಳಿಂದ ಅಳೆದು, ಆಸ್ಪತ್ರೆಗಳ, ಪ್ರದೇಶಗಳ ಮತ್ತು ದೇಶಗಳ ನಡುವೆ ಹೋಲಿಸುವ ವಿಧಾನ. ಕ್ಯಾನ್ಸರ್ ನೋಂದಣಿಗಳ ದಾಖಲೆ, ಆಸ್ಪತ್ರೆಯ ಕಡತ, ಮರಣ ದಾಖಲೆ ಮತ್ತು ರೋಗಿಯೇ ತುಂಬುವ ಪ್ರಶ್ನಾವಳಿ ಇದರ ಮುಖ್ಯ ಆಧಾರಗಳು.

ಪ್ರಾಸ್ಟೇಟ್ (ಪುರಸ್ಥ) ಗ್ರಂಥಿ ಗಂಡಸರಲ್ಲಿ ಮಾತ್ರ ಇರುತ್ತದೆ. ಮೂತ್ರಕೋಶದ ಕೆಳಗೆ ಮೂತ್ರನಾಳವನ್ನು ಸುತ್ತುವರಿದಿರುವ ಇದರ ಗಾತ್ರ ಯೌವನದಲ್ಲಿ ಸಿಪ್ಪೆ ಸಹಿತ ಅಡಿಕೆಯಷ್ಟು. ವಯಸ್ಸಾದಂತೆ ಅದು ಊದಿಕೊಳ್ಳುವುದು ಸಾಮಾನ್ಯ. ಆ ಊತವೆಲ್ಲ ಕ್ಯಾನ್ಸರ್ ಅಲ್ಲ. ಈ ಗ್ರಂಥಿಯ ಕ್ಯಾನ್ಸರಿಗೆ ಅಂತಾರಾಷ್ಟ್ರೀಯ ರೋಗ ವರ್ಗೀಕರಣದ ಹತ್ತನೆಯ ಪರಿಷ್ಕರಣೆಯಲ್ಲಿ ಸಿ61 ಎಂಬ ಸಂಕೇತವಿದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಲ್ಲಿ ಸುಮಾರು 14.1 ಲಕ್ಷ ಹೊಸ ರೋಗಿಗಳು ಪತ್ತೆಯಾದರು, 3.75 ಲಕ್ಷ ಮಂದಿ ಸತ್ತರು. ಭಾರತದ ಅಂಕಿಗಳು ಸುಮಾರು 34,500 ಮತ್ತು 16,800.

ಈ ಲೇಖನ ಮಾಪನದ ಉಗಮ ಹಾಗೂ ರಚನೆಯನ್ನೂ ದೇಶಗಳ ಹೋಲಿಕೆಯಲ್ಲಿ ಬರುವ ತೊಡಕುಗಳನ್ನೂ ವಿವರಿಸುತ್ತದೆ. ತಮಿಳುನಾಡು, ಕರ್ನಾಟಕ, ಕೇರಳ ಕೂಡುವ ನೀಲಗಿರಿ ಜಿಲ್ಲೆಯಲ್ಲಿ ಅದೇ ತೊಡಕುಗಳು ಸಣ್ಣ ಪ್ರಮಾಣದಲ್ಲಿ ಕಾಣುವುದರಿಂದ ಆ ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಪರಿಭಾಷೆ

ಆರೈಕೆ: ಸಂಶಯ ಮೂಡಿದ ದಿನದಿಂದ ಉಪಶಮನದವರೆಗಿನ ಎಲ್ಲ ಸೇವೆ. ಸೂಚಕ: ಅಂಶ ಮತ್ತು ಛೇದಗಳನ್ನು ಸ್ಪಷ್ಟವಾಗಿ ಹೇಳಿರುವ, ಎಣಿಸಬಹುದಾದ ಅಳತೆ. ನೋಂದಣಿ: ಒಂದು ಪ್ರದೇಶದ ಅಥವಾ ಆಸ್ಪತ್ರೆಯ ಪ್ರತಿ ಕ್ಯಾನ್ಸರ್ ಪ್ರಕರಣವನ್ನೂ ದಾಖಲಿಸುವ ವ್ಯವಸ್ಥೆ. ಪಿಎಸ್‌ಎ: ಪ್ರಾಸ್ಟೇಟ್ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಸಕ್ರಿಯ ನಿಗಾ: ಕಡಮೆ ಅಪಾಯದ ಗಡ್ಡೆಗೆ ತಕ್ಷಣ ಚಿಕಿತ್ಸೆ ಕೊಡದೆ ಪಿಎಸ್‌ಎ, ಸ್ಕ್ಯಾನ್ ಮತ್ತು ಬಯಾಪ್ಸಿಗಳಿಂದ ಅದನ್ನು ಗಮನಿಸುತ್ತಿರುವುದು. ಇದು ಚಿಕಿತ್ಸೆಯ ನಿರಾಕರಣೆಯಲ್ಲ.

ಉಗಮ

ಚಿಕಿತ್ಸೆ ಮುಗಿದ ಮೇಲೂ ಪ್ರತಿ ರೋಗಿಯನ್ನು ಹಿಂಬಾಲಿಸಿ ಫಲಿತಾಂಶ ಬರೆದಿಡಬೇಕೆಂದು ಒತ್ತಾಯಿಸಿದವರಲ್ಲಿ ಬೋಸ್ಟನ್ನಿನ ಶಸ್ತ್ರವೈದ್ಯ ಅರ್ನೆಸ್ಟ್ ಕಾಡ್‌ಮನ್ ಮೊದಲಿಗ. 1910ರ ದಶಕದಲ್ಲಿ ಆತ ತನ್ನ ಆಸ್ಪತ್ರೆಯ ತಪ್ಪುಗಳನ್ನೂ ಸೇರಿಸಿ ಫಲಿತಾಂಶಗಳನ್ನು ಪ್ರಕಟಿಸಿದ. ಸಹೋದ್ಯೋಗಿಗಳ ವಿರೋಧ ಕಟ್ಟಿಕೊಂಡ. ಆತ ಕೇಳಿದ್ದನ್ನು ವೈದ್ಯಲೋಕ ಒಪ್ಪಿಕೊಳ್ಳಲು ಅರ್ಧ ಶತಮಾನ ಬೇಕಾಯಿತು.

1966 ಈ ವಿಷಯದ ಇತಿಹಾಸದಲ್ಲಿ ಗಮನಾರ್ಹ ವರ್ಷ. ಆ ವರ್ಷ ಆವೆಡಿಸ್ ಡೊನಬೇಡಿಯನ್ ಆರೈಕೆಯ ಗುಣಮಟ್ಟವನ್ನು ರಚನೆ, ಪ್ರಕ್ರಿಯೆ, ಫಲಿತಾಂಶ ಎಂಬ ಮೂರು ನೆಲೆಗಳಲ್ಲಿ ಅಳೆಯುವ ಚೌಕಟ್ಟನ್ನು ಮುಂದಿಟ್ಟ. ರೋಗವಿಜ್ಞಾನಿ ಡೊನಾಲ್ಡ್ ಗ್ಲೀಸನ್ ಪ್ರಾಸ್ಟೇಟ್ ಗಡ್ಡೆಯ ಉಗ್ರತೆಯನ್ನು ಸೂಕ್ಷ್ಮದರ್ಶಕದಡಿ ಶ್ರೇಣೀಕರಿಸುವ ಪದ್ಧತಿಯನ್ನು ಪ್ರಕಟಿಸಿದ್ದೂ, ಈ ಕ್ಯಾನ್ಸರ್ ಗಂಡು ಹಾರ್ಮೋನನ್ನು ಅವಲಂಬಿಸಿದೆ ಎಂದು 1941ರಲ್ಲಿ ತೋರಿಸಿದ್ದ ಚಾರ್ಲ್ಸ್ ಹಗಿನ್ಸ್ ನೊಬೆಲ್ ಪ್ರಶಸ್ತಿ ಪಡೆದದ್ದೂ ಅದೇ ವರ್ಷ. ದೇಶ ದೇಶಗಳ ಕ್ಯಾನ್ಸರ್ ಪ್ರಮಾಣವನ್ನು ಒಂದೆಡೆ ಕೊಡುವ ‘ಐದು ಖಂಡಗಳಲ್ಲಿ ಕ್ಯಾನ್ಸರ್’ ಸಂಪುಟಮಾಲೆಯ ಮೊದಲ ಸಂಪುಟವೂ 1966ರಲ್ಲೇ ಹೊರಬಂತು.

ಮಾಪನದ ತುರ್ತು ಹೆಚ್ಚಿದ್ದು ಪಿಎಸ್‌ಎ ಪರೀಕ್ಷೆಯಿಂದ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದನ್ನು 1986ರಲ್ಲಿ ರೋಗದ ಮೇಲ್ವಿಚಾರಣೆಗೆ, 1994ರಲ್ಲಿ ರೋಗಪತ್ತೆಗೆ ಒಪ್ಪಿತು. ಅಷ್ಟರೊಳಗೇ ಅಲ್ಲಿ ಹೊಸ ಪ್ರಕರಣಗಳ ಸಂಖ್ಯೆ ಏರಿ 1992ರಲ್ಲಿ ತುತ್ತತುದಿ ಮುಟ್ಟಿತ್ತು. ಶಸ್ತ್ರಕ್ರಿಯೆಗಳೂ ಏರಿದವು, ಅವುಗಳ ಜೊತೆಗೆ ಮೂತ್ರ ಸೋರಿಕೆ, ಲೈಂಗಿಕ ಅಶಕ್ತಿಯ ದೂರುಗಳೂ ಏರಿದವು. ಯಾರಿಗೆ ಚಿಕಿತ್ಸೆ ಬೇಕಿತ್ತು, ಯಾರಿಗೆ ಬೇಡವಾಗಿತ್ತು ಎಂಬ ಪ್ರಶ್ನೆ ಹುಟ್ಟಿದ್ದು ಇಲ್ಲಿ. ಈ ಕ್ಯಾನ್ಸರಿಗೆಂದೇ ಗುಣಮಟ್ಟದ ಸೂಚಕಗಳ ಪಟ್ಟಿಯನ್ನು ಅಮೆರಿಕದ ರ್‍ಯಾಂಡ್ ಸಂಸ್ಥೆ 2000ದ ಸುಮಾರಿಗೆ ಸಿದ್ಧಪಡಿಸಿತು.

ಸೂಚಕಗಳ ರಚನೆ

ಸೂಚಕಗಳನ್ನು ಆರಿಸಲು ಹೆಚ್ಚಾಗಿ ಬಳಸುವುದು ಡೆಲ್ಫಿ ವಿಧಾನ. ಮೂತ್ರರೋಗ ತಜ್ಞರು, ವಿಕಿರಣ ತಜ್ಞರು, ರೋಗವಿಜ್ಞಾನಿಗಳು, ದಾದಿಯರು ಮತ್ತು ರೋಗಿಗಳ ಪ್ರತಿನಿಧಿಗಳು ಪ್ರತಿ ಪ್ರಸ್ತಾವಕ್ಕೂ ಬೇರೆಬೇರೆಯಾಗಿ ಅಂಕ ಕೊಡುತ್ತಾರೆ. ಉಳಿದವರ ಅಂಕಗಳ ಸಾರಾಂಶ ನೋಡಿ ಮತ್ತೊಮ್ಮೆ ಕೊಡುತ್ತಾರೆ. ಹಲವು ಸುತ್ತುಗಳ ನಂತರ ಒಮ್ಮತ ಮೂಡಿದವು ಪಟ್ಟಿಗೆ ಸೇರುತ್ತವೆ.

ರಚನೆಯ ಸೂಚಕಗಳು ಸೌಲಭ್ಯವನ್ನು ಕುರಿತವು: ವಿಕಿರಣ ಯಂತ್ರ, ಎಂಆರ್‌ಐ, ತರಬೇತಾದ ರೋಗವಿಜ್ಞಾನಿ, ಬಾಯಿಯ ಮೂಲಕ ಕೊಡುವ ಮಾರ್ಫಿನ್ ಇವೆಯೇ ಎಂಬುದು. ಇವನ್ನು ಎಣಿಸುವುದು ಸುಲಭ. ಆದರೆ ಯಂತ್ರವಿದ್ದ ಮಾತ್ರಕ್ಕೆ ರೋಗಿ ಅಲ್ಲಿಗೆ ತಲುಪಿದನೆಂದು ತಿಳಿಯುವಂತಿಲ್ಲ.

ಪ್ರಕ್ರಿಯೆಯ ಸೂಚಕಗಳು ಮಾಡಬೇಕಾದ್ದನ್ನು ಮಾಡಿದರೇ ಎಂದು ಕೇಳುತ್ತವೆ. ಬಯಾಪ್ಸಿ ವರದಿಯಲ್ಲಿ ಗ್ಲೀಸನ್ ಅಂಕ ಅಥವಾ 2014ರಲ್ಲಿ ಒಪ್ಪಿಗೆ ಪಡೆದ 1ರಿಂದ 5ರವರೆಗಿನ ಶ್ರೇಣಿ ಬರೆದಿದೆಯೇ, ಚಿಕಿತ್ಸೆಗೆ ಮುನ್ನ ಪಿಎಸ್‌ಎ ಮತ್ತು ರೋಗದ ಹಂತ ದಾಖಲಾಗಿವೆಯೇ, ಬೇರೆ ಬೇರೆ ವಿಭಾಗಗಳ ವೈದ್ಯರು ಕೂಡಿ ಚರ್ಚಿಸಿದರೇ, ಕಡಮೆ ಅಪಾಯದವರನ್ನು ಸಕ್ರಿಯ ನಿಗಾದಲ್ಲಿ ಇರಿಸಿದರೇ, ಹೆಚ್ಚಿನ ಅಪಾಯದವರಿಗೆ ಪೂರ್ಣ ಚಿಕಿತ್ಸೆ ಸಿಕ್ಕಿತೇ ಎಂಬವು ಮುಖ್ಯ. ಕಾಯುವ ಅವಧಿಯೂ ಇಲ್ಲಿಗೇ ಸೇರುತ್ತದೆ. ಇಂಗ್ಲೆಂಡಿನಲ್ಲಿ ತುರ್ತು ಶಿಫಾರಸಿನಿಂದ ಮೊದಲ ಚಿಕಿತ್ಸೆಗೆ 62 ದಿನಗಳ ಮಿತಿ ಇದೆ.

ಫಲಿತಾಂಶದ ಸೂಚಕಗಳು ಕಡೆಗೆ ಏನಾಯಿತೆಂದು ಹೇಳುತ್ತವೆ: ತೆಗೆದ ಗಡ್ಡೆಯ ಅಂಚಿನಲ್ಲಿ ಕ್ಯಾನ್ಸರ್ ಕೋಶ ಉಳಿದಿದೆಯೇ, ಶಸ್ತ್ರಕ್ರಿಯೆಯ ನಂತರ ರೋಗಿ ತುರ್ತಾಗಿ ಮತ್ತೆ ದಾಖಲಾದನೇ, ವಿಕಿರಣದ ಬಳಿಕ ಕರುಳಿಗೆ ತೊಂದರೆ ಆಯಿತೇ, ರೋಗ ಮರುಕಳಿಸಿತೇ, ಎಷ್ಟು ವರ್ಷ ಬದುಕಿದ, ಹೇಗೆ ಬದುಕಿದ.

ಬದುಕುಳಿವಿನ ಪ್ರಮಾಣ ಮತ್ತು ಅದರ ಮಿತಿ

ದೇಶಗಳನ್ನು ಹೋಲಿಸುವಾಗ ಮೊದಲು ಕಣ್ಣಿಗೆ ಬೀಳುವುದು ಐದು ವರ್ಷ ಬದುಕುಳಿದವರ ಶೇಕಡಾ ಪ್ರಮಾಣ. ಲಂಡನ್ನಿನ ಆರೋಗ್ಯ ಮತ್ತು ಉಷ್ಣವಲಯ ವೈದ್ಯಶಾಲೆ ನಡೆಸುವ ಕಾನ್‌ಕಾರ್ಡ್ ಅಧ್ಯಯನ ಈ ಕ್ಷೇತ್ರದಲ್ಲಿ ಅತಿ ದೊಡ್ಡದು. 2018ರಲ್ಲಿ ಪ್ರಕಟವಾದ ಅದರ ಮೂರನೆಯ ಸುತ್ತು 71 ದೇಶಗಳ 322 ನೋಂದಣಿಗಳಿಂದ 3.75 ಕೋಟಿ ರೋಗಿಗಳ ದಾಖಲೆಗಳನ್ನು ಒಳಗೊಂಡಿತ್ತು. ಅಮೆರಿಕದಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನ ಈ ಪ್ರಮಾಣ ಶೇ 90ನ್ನು ಮೀರಿದೆ.

ಈ ಕ್ಯಾನ್ಸರಿನ ಮಟ್ಟಿಗೆ ಈ ಅಂಕಿಯನ್ನು ನೇರವಾಗಿ ಆರೈಕೆಯ ಗುಣಮಟ್ಟವೆಂದು ಓದುವುದು ತಪ್ಪು. ಒಬ್ಬನಿಗೆ 72ನೆಯ ವಯಸ್ಸಿನಲ್ಲಿ ಮೂಳೆನೋವು ಬಂದು ರೋಗ ಗೊತ್ತಾಗಿ 75ಕ್ಕೆ ತೀರಿಕೊಂಡನೆನ್ನಿ. ಅವನು ಮೂರು ವರ್ಷ ಬದುಕಿದವರ ಲೆಕ್ಕಕ್ಕೆ ಬರುತ್ತಾನೆ. ಅದೇ ಮನುಷ್ಯನಿಗೆ 65ರಲ್ಲೇ ಪಿಎಸ್‌ಎ ಪರೀಕ್ಷೆ ಮಾಡಿ ರೋಗ ಪತ್ತೆ ಹಚ್ಚಿದ್ದರೆ, ಸಾವು 75ಕ್ಕೇ ಬಂದರೂ ಅವನು ಹತ್ತು ವರ್ಷ ಬದುಕಿದವನಾಗುತ್ತಾನೆ. ಆಯುಸ್ಸು ಒಂದು ದಿನವೂ ಹೆಚ್ಚಲಿಲ್ಲ, ಅಂಕಿ ಮಾತ್ರ ಸುಧಾರಿಸಿತು. ಇದಕ್ಕೆ ಮುನ್ಪತ್ತೆಯ ಭ್ರಮೆ ಎನ್ನಬಹುದು. ಇನ್ನೊಂದು ತೊಡಕು ಅತಿಪತ್ತೆ. ಬೇರೆ ಕಾರಣಕ್ಕೆ ಸತ್ತ ವೃದ್ಧರ ಶವಪರೀಕ್ಷೆಯಲ್ಲಿ, ಬದುಕಿದ್ದಾಗ ಯಾವ ತೊಂದರೆಯನ್ನೂ ಕೊಡದ ಪ್ರಾಸ್ಟೇಟ್ ಕ್ಯಾನ್ಸರ್ ಆಗಾಗ ಕಾಣುತ್ತದೆ. ವ್ಯಾಪಕವಾಗಿ ಪಿಎಸ್‌ಎ ಪರೀಕ್ಷೆ ನಡೆಸುವ ದೇಶದಲ್ಲಿ ಇಂಥವರೂ ರೋಗಿಗಳ ಪಟ್ಟಿಗೆ ಸೇರಿ, ಬದುಕುಳಿದವರ ಸಂಖ್ಯೆಯನ್ನು ಹಿಗ್ಗಿಸುತ್ತಾರೆ.

ಬ್ರಿಟನ್ನಿನ ಪ್ರೊಟೆಕ್ಟ್ ಪ್ರಯೋಗ ಇದಕ್ಕೆ ಬಲವಾದ ಸಾಕ್ಷ್ಯ ಒದಗಿಸಿತು. ಪಿಎಸ್‌ಎ ಮೂಲಕ ಪತ್ತೆಯಾದ, ಗ್ರಂಥಿಯೊಳಗೇ ಇದ್ದ ಕ್ಯಾನ್ಸರಿನ 1,643 ಗಂಡಸರನ್ನು ನಿಗಾ, ಶಸ್ತ್ರಕ್ರಿಯೆ, ವಿಕಿರಣ ಎಂಬ ಮೂರು ಗುಂಪುಗಳಾಗಿ ಹಂಚಲಾಗಿತ್ತು. 2023ರಲ್ಲಿ ಹದಿನೈದು ವರ್ಷಗಳ ಫಲಿತಾಂಶ ಪ್ರಕಟವಾದಾಗ ಈ ಕ್ಯಾನ್ಸರಿನಿಂದಲೇ ಸತ್ತವರು ನಿಗಾ ಗುಂಪಿನಲ್ಲಿ ಶೇ 3.1, ಶಸ್ತ್ರಕ್ರಿಯೆಯ ಗುಂಪಿನಲ್ಲಿ ಶೇ 2.2, ವಿಕಿರಣದ ಗುಂಪಿನಲ್ಲಿ ಶೇ 2.9. ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಆದಾಗ ಆರೈಕೆಯ ಒಳ್ಳೆಯದು ಕೆಟ್ಟದ್ದನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ಸಾವು ಮತ್ತು ಹೊಸ ಪ್ರಕರಣಗಳ ಅನುಪಾತವನ್ನೂ ಕೆಲವರು ಬಳಸುತ್ತಾರೆ. ಮೇಲೆ ಕೊಟ್ಟ 2020ರ ಅಂದಾಜುಗಳಿಂದ ಜಗತ್ತಿನ ಅನುಪಾತ ಸುಮಾರು 0.27, ಭಾರತದ್ದು 0.49. ಭಾರತದಲ್ಲಿ ಬಹುಮಂದಿ ರೋಗ ಹರಡಿದ ಮೇಲೆ ಬರುತ್ತಾರೆ ಎಂಬ ವೈದ್ಯರ ಅನುಭವಕ್ಕೆ ಇದು ಹೊಂದುತ್ತದೆ. ಆದರೆ 2020ರಲ್ಲಿ ಭಾರತದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಶೇ 22.5ಕ್ಕೆ ಮಾತ್ರ. ಆದ್ದರಿಂದ ಈ ಅನುಪಾತವನ್ನು ದಿಕ್ಸೂಚಿಯಾಗಿ ಕಾಣಬೇಕೇ ಹೊರತು ತೀರ್ಪಾಗಿ ಅಲ್ಲ.

ರೋಗಿಯ ಹೇಳಿಕೆಯ ಮಾಪನ

ಚಿಕಿತ್ಸೆಯ ಅಡ್ಡಪರಿಣಾಮಗಳನ್ನು ವೈದ್ಯರು ತಮ್ಮ ಕಡತದಲ್ಲಿ ಕಡಮೆ ಅಂದಾಜಿಸುತ್ತಾರೆಂದು ಅನೇಕ ಅಧ್ಯಯನಗಳು ತೋರಿಸಿದ ಮೇಲೆ, ರೋಗಿಯನ್ನೇ ಕೇಳುವ ಪ್ರಶ್ನಾವಳಿಗಳು ರೂಪುಗೊಂಡವು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಪಿಕ್-26. 2000ದಲ್ಲಿ ಬಂದ ದೀರ್ಘ ಪ್ರಶ್ನಾವಳಿಯ ಈ ಸಂಕ್ಷಿಪ್ತ ರೂಪದಲ್ಲಿ 26 ಪ್ರಶ್ನೆಗಳಿವೆ. ಮೂತ್ರ ಸೋರಿಕೆ, ಮೂತ್ರದ ಉರಿ ಮತ್ತು ತಡೆ, ಕರುಳು, ಲೈಂಗಿಕತೆ, ಹಾರ್ಮೋನ್ ಎಂಬ ಐದು ವಿಭಾಗಗಳಿಗೆ ಪ್ರತ್ಯೇಕವಾಗಿ 0ಯಿಂದ 100ರವರೆಗೆ ಅಂಕ ಬರುತ್ತದೆ. ಹೆಚ್ಚು ಅಂಕವೆಂದರೆ ತೊಂದರೆ ಕಡಮೆ.

ಅಂಕ ಹೇಗೆ ಹುಟ್ಟುತ್ತದೆಂಬುದಕ್ಕೆ ಒಂದು ಪ್ರಶ್ನೆಯನ್ನು ನೋಡಬಹುದು. ಕಳೆದ ನಾಲ್ಕು ವಾರಗಳಲ್ಲಿ ಸೋರಿಕೆಗಾಗಿ ದಿನಕ್ಕೆ ಎಷ್ಟು ಪ್ಯಾಡ್ ಬಳಸಿದಿರಿ ಎಂದು ಕೇಳಲಾಗುತ್ತದೆ. ಇಲ್ಲವೆಂದರೆ 100, ಒಂದಾದರೆ 67, ಎರಡಾದರೆ 33, ಮೂರು ಅಥವಾ ಹೆಚ್ಚಾದರೆ 0. ಅಂಗಡಿಯಿಂದ ಪ್ಯಾಡ್ ತರದೆ ಹಳೆಯ ಪಂಚೆಯ ತುಂಡನ್ನು ಮಡಚಿ ಇಟ್ಟುಕೊಳ್ಳುವ ಮುದುಕ ಈ ಪ್ರಶ್ನೆಗೆ ‘ಇಲ್ಲ’ ಎಂದೇ ಉತ್ತರಿಸುತ್ತಾನೆ, 100 ಅಂಕ ಪಡೆಯುತ್ತಾನೆ. ಹೀಗಾಗಿ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ತರುವ ಕ್ರಮದಲ್ಲಿ ಹಲವು ಹಂತಗಳಿವೆ: ಇಬ್ಬರು ಸ್ವತಂತ್ರವಾಗಿ ಅನುವಾದಿಸುವುದು, ಮತ್ತೊಬ್ಬರು ಅದನ್ನು ಮೂಲಭಾಷೆಗೆ ಮರಳಿಸುವುದು, ಕೊನೆಗೆ ಕೆಲವು ರೋಗಿಗಳ ಎದುರು ಕುಳಿತು ಪ್ರತಿ ಪ್ರಶ್ನೆಯನ್ನು ಅವರು ಹೇಗೆ ಅರ್ಥ ಮಾಡಿಕೊಂಡರೆಂದು ಕೇಳುವುದು. ಮೂರನೆಯ ಹಂತವನ್ನು ಬಿಟ್ಟರೆ ಮೊದಲೆರಡರ ಶ್ರಮ ವ್ಯರ್ಥ.

ಗ್ರಂಥಿಯ ಊತದ ಲಕ್ಷಣಗಳಿಗೆ ಬಳಸುವ ಅಂತಾರಾಷ್ಟ್ರೀಯ ಪ್ರಾಸ್ಟೇಟ್ ಲಕ್ಷಣ ಅಂಕ ಇದಕ್ಕಿಂತ ಬೇರೆ. ಅದರಲ್ಲಿ ಏಳು ಪ್ರಶ್ನೆಗಳಿಂದ 0–35 ಅಂಕ ಬರುತ್ತದೆ. 8–19 ಮಧ್ಯಮ, 20 ಮತ್ತು ಮೇಲ್ಪಟ್ಟದ್ದು ತೀವ್ರ. ಅದು ಕ್ಯಾನ್ಸರ್ ಪತ್ತೆಯ ಸಾಧನವಲ್ಲ.

ಅಂತಾರಾಷ್ಟ್ರೀಯ ವ್ಯವಸ್ಥೆಗಳು

ಸ್ವೀಡನ್ನಿನ ರಾಷ್ಟ್ರೀಯ ಪ್ರಾಸ್ಟೇಟ್ ಕ್ಯಾನ್ಸರ್ ನೋಂದಣಿ 1998ರಿಂದ ಇಡೀ ದೇಶವನ್ನು ಒಳಗೊಂಡಿದೆ. ಅತಿ ಕಡಮೆ ಅಪಾಯದ ರೋಗಿಗಳಲ್ಲಿ ಸಕ್ರಿಯ ನಿಗಾ ಆಯ್ದವರು 2009ರಲ್ಲಿ ಶೇ 57 ಇದ್ದದ್ದು 2014ರಲ್ಲಿ ಶೇ 91 ಆದದ್ದನ್ನು ಅದರ ದಾಖಲೆಗಳು ತೋರಿಸಿದವು. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ರಾಷ್ಟ್ರೀಯ ಪ್ರಾಸ್ಟೇಟ್ ಕ್ಯಾನ್ಸರ್ ಪರಿಶೋಧನೆ 2013ರಲ್ಲಿ ಆರಂಭವಾಯಿತು; ಆಸ್ಪತ್ರೆವಾರು ಫಲಿತಾಂಶಗಳನ್ನು ಅದು ಬಹಿರಂಗವಾಗಿ ಪ್ರಕಟಿಸುತ್ತದೆ. ಜರ್ಮನಿಯ ಹ್ಯಾಂಬರ್ಗಿನಲ್ಲಿ 2005ರಲ್ಲಿ ಸ್ಥಾಪನೆಯಾದ ಮಾರ್ಟಿನಿ ಕ್ಲಿನಿಕ್ ಪ್ರಾಸ್ಟೇಟ್ ಕ್ಯಾನ್ಸರಿಗೇ ಮೀಸಲಾದ ಆಸ್ಪತ್ರೆ. ಪ್ರತಿ ಶಸ್ತ್ರವೈದ್ಯನ ಫಲಿತಾಂಶವನ್ನೂ ಉಳಿದವರೊಂದಿಗೆ ಹೋಲಿಸುವುದು ಅಲ್ಲಿನ ಕ್ರಮ.

ಆಸ್ಟ್ರೇಲಿಯದ ವಿಕ್ಟೋರಿಯಾ ರಾಜ್ಯದಲ್ಲಿ 2009ರಲ್ಲಿ ಶುರುವಾದ ನೋಂದಣಿ ಮುಂದೆ ಆಸ್ಟ್ರೇಲಿಯ–ನ್ಯೂಜಿಲೆಂಡ್ ನೋಂದಣಿಯಾಗಿ ಬೆಳೆಯಿತು. ಮೆಲ್ಬರ್ನಿನಲ್ಲಿ 2003ರಲ್ಲಿ ಹುಟ್ಟಿದ ಮೊವೆಂಬರ್ ಸಂಸ್ಥೆಯ ನೆರವಿನಿಂದ, ಅದೇ ನಗರದ ಮೊನಾಶ್ ವಿಶ್ವವಿದ್ಯಾಲಯ ಹತ್ತಕ್ಕೂ ಹೆಚ್ಚು ದೇಶಗಳ ಆಸ್ಪತ್ರೆಗಳನ್ನು ಸೇರಿಸಿ ‘ಟ್ರೂನಾರ್ತ್’ ಜಾಗತಿಕ ನೋಂದಣಿಯನ್ನು ಕಟ್ಟಿತು. ಚಿಕಿತ್ಸೆಯ ಮುನ್ನ ಮತ್ತು ವರ್ಷದ ನಂತರ ಎಪಿಕ್-26ನ್ನು ಕೇಳಿ, ಪ್ರತಿ ಆಸ್ಪತ್ರೆಗೂ ಅದರ ಸ್ಥಾನವನ್ನು ತಿಳಿಸುವುದು ಇದರ ಕೆಲಸದ ಕ್ರಮ. ಏನೇನು ಅಳೆಯಬೇಕೆಂಬ ಕನಿಷ್ಠ ಪಟ್ಟಿಯನ್ನು 2012ರಲ್ಲಿ ಆರಂಭವಾದ ಅಂತಾರಾಷ್ಟ್ರೀಯ ಆರೋಗ್ಯ ಫಲಿತಾಂಶ ಮಾಪನ ಒಕ್ಕೂಟ ಸಿದ್ಧಪಡಿಸಿದೆ. ರೋಗಿಗಳ ಸಂಘಟನೆಯಾದ ಯುರೋಪ ಉಓಮೊ 2019ರಲ್ಲಿ 24 ದೇಶಗಳ ಸುಮಾರು ಮೂರು ಸಾವಿರ ಗಂಡಸರನ್ನು ತಾನೇ ಸಮೀಕ್ಷೆ ಮಾಡಿತು. ಇವುಗಳಲ್ಲಿ ಪಾಲ್ಗೊಂಡ ಕೇಂದ್ರಗಳು ಬಹುಪಾಲು ಶ್ರೀಮಂತ ದೇಶಗಳ ನಗರಗಳಲ್ಲಿವೆ ಎಂಬುದನ್ನು ನೆನಪಿಡಬೇಕು.

ಹೋಲಿಕೆ ನ್ಯಾಯವಾಗಿರಲು ರೋಗಿಗಳ ವಯಸ್ಸು, ರೋಗದ ಹಂತ, ಪಿಎಸ್‌ಎ, ಶ್ರೇಣಿ, ಇತರ ಕಾಯಿಲೆಗಳನ್ನು ಗಣಿತದಿಂದ ಸರಿದೂಗಿಸಲಾಗುತ್ತದೆ. ಹರಡಿದ ರೋಗಿಗಳನ್ನೇ ಹೆಚ್ಚಾಗಿ ನೋಡುವ ಸರ್ಕಾರಿ ಆಸ್ಪತ್ರೆ ಈ ಸರಿದೂಗಿಕೆ ಇಲ್ಲದಿದ್ದರೆ ಯಾವಾಗಲೂ ಹಿಂದೆ ಬೀಳುತ್ತದೆ.

ಭಾರತ ಮತ್ತು ಕರ್ನಾಟಕ

ಭಾರತದ ಮೊದಲ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ 1963ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1981ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮವನ್ನು ಪ್ರಾರಂಭಿಸಿದಾಗ ಬೆಂಗಳೂರು, ಮುಂಬಯಿ, ಮದರಾಸು ಅದರ ಮೊದಲ ಜನಸಂಖ್ಯಾ ಆಧಾರಿತ ಕೇಂದ್ರಗಳಾದವು. ಬೆಂಗಳೂರಿನ ನೋಂದಣಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಲ್ಲಿದೆ. ಕಾರ್ಯಕ್ರಮವನ್ನು ಈಗ ನಡೆಸುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವೂ ಬೆಂಗಳೂರಿನಲ್ಲೇ ಇದೆ.

ಇಲ್ಲಿನ ನೋಂದಣಿಗಳು ಆಸ್ಪತ್ರೆಗಳು ಮಾಹಿತಿ ಕಳಿಸಲೆಂದು ಕಾಯುವುದಿಲ್ಲ. ಸಿಬ್ಬಂದಿಯೇ ಆಸ್ಪತ್ರೆ, ಪ್ರಯೋಗಾಲಯ, ಜನನ ಮರಣ ಕಚೇರಿಗಳಿಗೆ ಹೋಗಿ ಪ್ರಕರಣಗಳನ್ನು ಬರೆದುಕೊಳ್ಳುತ್ತಾರೆ. ಆ ಪ್ರದೇಶದಲ್ಲಿ ಕನಿಷ್ಠ ಒಂದು ವರ್ಷ ವಾಸಿಸಿದವರನ್ನು ಮಾತ್ರ ಅಲ್ಲಿಯ ನಿವಾಸಿಯೆಂದು ಎಣಿಸುತ್ತಾರೆ. ಸೂಕ್ಷ್ಮದರ್ಶಕದಿಂದ ದೃಢಪಟ್ಟ ಪ್ರಕರಣಗಳ ಪಾಲು, ಮರಣಪತ್ರದಿಂದ ಮಾತ್ರ ಗೊತ್ತಾದವುಗಳ ಪಾಲು ಇವುಗಳಿಂದ ನೋಂದಣಿಯ ಗುಣಮಟ್ಟವನ್ನೇ ಅಳೆಯುತ್ತಾರೆ. ಚಿಕಿತ್ಸಾ ಕ್ರಮದಲ್ಲಿ ಏಕರೂಪತೆ ತರಲು 2012ರಲ್ಲಿ ಟಾಟಾ ಸ್ಮಾರಕ ಕೇಂದ್ರದ ಮುಂದಾಳತ್ವದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ ರೂಪುಗೊಂಡಿತು.

ನೀಲಗಿರಿ ಜಿಲ್ಲೆ

ಉದಕಮಂಡಲ, ಕುನ್ನೂರು, ಕೋಟಗಿರಿ, ಕುಂದಾ, ಗೂಡಲೂರು, ಪಂದಲೂರು ತಾಲ್ಲೂಕುಗಳ ಈ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಂತೆ 7.35 ಲಕ್ಷ, ಅವರಲ್ಲಿ ಗಂಡಸರು ಸುಮಾರು 3.6 ಲಕ್ಷ. ಜನಗಣತಿ ಕನ್ನಡದ ಅಡಿಯಲ್ಲಿ ಎಣಿಸುವ ಬಡಗ ನುಡಿಯನ್ನು ಆಡುವವರು ಸುಮಾರು 1.33 ಲಕ್ಷ. ತೊದವರು, ಕೋತರು, ಕುರುಂಬರು, ಇರುಳರು, ಪಣಿಯರು, ಕಾಟ್ಟುನಾಯಕರು ಎಂಬ ಆರು ಆದಿವಾಸಿ ಸಮುದಾಯಗಳು ಇಲ್ಲಿವೆ.

ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ ರಾಜ್ಯ ಸರ್ಕಾರದೊಂದಿಗೆ 2012ರಿಂದ ನಡೆಸುತ್ತಿರುವ ತಮಿಳುನಾಡು ಕ್ಯಾನ್ಸರ್ ನೋಂದಣಿ ಯೋಜನೆ ರಾಜ್ಯದ ಎಲ್ಲ ಜಿಲ್ಲೆಗಳಂತೆ ನೀಲಗಿರಿಯನ್ನೂ ಒಳಗೊಳ್ಳುತ್ತದೆ. ಆದರೆ ಇಲ್ಲಿಯ ರೋಗಿ ಚಿಕಿತ್ಸೆಗೆ ಹೋಗುವ ದಾರಿ ಅವನು ಇರುವ ಕಡೆಯನ್ನು ಅವಲಂಬಿಸಿದೆ. ಉದಕಮಂಡಲ, ಕುನ್ನೂರಿನವರಿಗೆ ಘಾಟಿ ಇಳಿದರೆ ಸಿಗುವ ಕೊಯಂಬತ್ತೂರು ಸಹಜ ಆಯ್ಕೆ. ಗೂಡಲೂರು, ಪಂದಲೂರಿನವರಿಗೆ ಕೇರಳದ ವಯನಾಡು, ಕೋಳಿಕ್ಕೋಡುಗಳೂ ಮಸಿನಗುಡಿಯವರಿಗೆ ಬಂಡೀಪುರದ ಮೂಲಕ ಮೈಸೂರೂ ಎಟಕುತ್ತವೆ. ಮಸಿನಗುಡಿಯಿಂದ ಜಿಲ್ಲಾ ಕೇಂದ್ರಕ್ಕೆ ಹತ್ತಿರದ ದಾರಿ 36 ಕಡಿದಾದ ತಿರುವುಗಳ ಕಲ್ಲಟ್ಟಿ ಘಾಟಿ. ಮೈಸೂರಿನ ಕಡೆಗೆ ಹೋದರೆ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂಡೀಪುರದ ರಸ್ತೆಯಲ್ಲಿ ಸಾಮಾನ್ಯ ವಾಹನಗಳಿಗೆ ನಿಷೇಧವಿದೆ, ಆಂಬುಲೆನ್ಸಿಗೆ ಅಡ್ಡಿಯಿಲ್ಲ.

ಹೀಗೆ ಒಂದೇ ಜಿಲ್ಲೆಯ ರೋಗಿಗಳ ಕಡತಗಳು ಮೂರು ರಾಜ್ಯಗಳ ಆಸ್ಪತ್ರೆಗಳಲ್ಲಿ, ಬೇರೆ ಬೇರೆ ನೋಂದಣಿಗಳ ವ್ಯಾಪ್ತಿಯಲ್ಲಿ ಹರಡುತ್ತವೆ. ಮೈಸೂರಿನ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾದ ಮಸಿನಗುಡಿಯ ರೋಗಿ ನಿವಾಸದ ನಿಯಮದಂತೆ ತಮಿಳುನಾಡಿನ ಲೆಕ್ಕಕ್ಕೆ ಸೇರಬೇಕು. ಅದಕ್ಕೆ ಆ ಕಡತ ಗಡಿ ದಾಟಿ ಬರಬೇಕು. ಬಾರದಿದ್ದರೆ ಜಿಲ್ಲೆಯಲ್ಲಿ ರೋಗವೇ ಕಡಮೆಯೆಂಬ ತಪ್ಪು ಚಿತ್ರ ಮೂಡುತ್ತದೆ.

ದಾಖಲೆಗಳನ್ನು ಜೋಡಿಸುವಾಗ ಎದುರಾಗುವ ತೊಡಕುಗಳು ಸಣ್ಣವೆನಿಸಿದರೂ ನಿರ್ಣಾಯಕ. ತಮಿಳು ಲಿಪಿಯಲ್ಲಿ ಪ ಮತ್ತು ಬ ಎರಡಕ್ಕೂ ಒಂದೇ ಅಕ್ಷರ. ಬೆಳ್ಳಿ ಎಂಬ ಬಡಗ ಹೆಸರು ಒಂದು ಕಡತದಲ್ಲಿ ಬೆಳ್ಳಿಯಾಗಿ, ಇನ್ನೊಂದರಲ್ಲಿ ಪೆಳ್ಳಿಯಾಗಿ ಇಂಗ್ಲಿಷಿಗೆ ಇಳಿದರೆ ಗಣಕಕ್ಕೆ ಅವರಿಬ್ಬರು ಬೇರೆ ಮನುಷ್ಯರು. ಗೂಡಲೂರು ಎಂಬ ಊರು ತೇಣಿ ಜಿಲ್ಲೆಯಲ್ಲೂ ಕೊಯಂಬತ್ತೂರು ಜಿಲ್ಲೆಯಲ್ಲೂ ಇದೆ. ವಿಳಾಸದಲ್ಲಿ ಊರಿನ ಹೆಸರಷ್ಟೇ ಬರೆದರೆ ಪ್ರಕರಣ ಬೇರೆ ಜಿಲ್ಲೆಯ ಪಾಲಾಗಬಹುದು. 643ರಿಂದ ಶುರುವಾಗುವ ಪಿನ್‌ಕೋಡ್ ಬರೆದಿದ್ದರೆ ಗೊಂದಲವಿಲ್ಲ. ಆಯುಷ್ಮಾನ್ ಭಾರತ್ ಡಿಜಿಟಲ್ ಯೋಜನೆಯ 14 ಅಂಕಿಯ ಆರೋಗ್ಯ ಸಂಖ್ಯೆ ಎಲ್ಲ ಆಸ್ಪತ್ರೆಗಳಲ್ಲೂ ಬಳಕೆಗೆ ಬಂದರೆ ಈ ಜೋಡಣೆ ಸುಲಭವಾಗುತ್ತದೆ.

ಎರಡನೆಯ ತೊಡಕು ಸಣ್ಣ ಸಂಖ್ಯೆಗಳದ್ದು. 2020ರ ಭಾರತದ ಸರಾಸರಿಯನ್ನು ಹಾಗೆಯೇ ಅನ್ವಯಿಸಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಹೊಸ ಪ್ರಕರಣಗಳಷ್ಟೇ ಆಗುತ್ತವೆ. ಇಂಥ ಗುಂಪಿನಲ್ಲಿ ಇಬ್ಬರು ಹೆಚ್ಚು ಸತ್ತರೆ ಶೇಕಡಾವಾರು ಹತ್ತು ಅಥವಾ ಅದಕ್ಕೂ ಹೆಚ್ಚು ಅಂಶ ಏರುತ್ತದೆ; ಅದರಿಂದ ಆರೈಕೆ ಕೆಟ್ಟಿತೆಂದು ಹೇಳಲಾಗದು. ಐದು ಅಥವಾ ಹತ್ತು ವರ್ಷಗಳ ಪ್ರಕರಣಗಳನ್ನು ಕೂಡಿಸಿ, ಅನಿಶ್ಚಿತತೆಯ ವ್ಯಾಪ್ತಿಯೊಂದಿಗೆ ಹೇಳುವುದೇ ಸರಿಯಾದ ಕ್ರಮ. ಸುಮಾರು ಎರಡು ಸಾವಿರ ಜನರಿರುವ ತೊದವರಂಥ ಸಮುದಾಯದ ಅಂಕಿಗಳನ್ನು ಪ್ರತ್ಯೇಕವಾಗಿ ಪ್ರಕಟಿಸಿದರೆ ರೋಗಿ ಯಾರೆಂದೇ ಬಯಲಾಗುತ್ತದೆ. ಆದ್ದರಿಂದ ತೀರಾ ಸಣ್ಣ ಸಂಖ್ಯೆಗಳನ್ನು ಮರೆಮಾಡಬೇಕು.

ಮೂರನೆಯದು, ಯಾವುದು ಒಳ್ಳೆಯ ಆರೈಕೆ ಎಂಬ ಪ್ರಶ್ನೆಯೇ ದೂರದೊಂದಿಗೆ ಬೆಸೆದಿರುವುದು. ಗ್ರಂಥಿಯೊಳಗಿನ ಕ್ಯಾನ್ಸರಿಗೆ 37 ಸಲ ಕೊಡುವ ವಿಕಿರಣಕ್ಕೆ 20 ಸಲದ ಕ್ರಮ ಸರಿಸಾಟಿ ಎಂದು ಬ್ರಿಟನ್ನಿನ ಚಿಪ್ ಪ್ರಯೋಗ 2016ರಲ್ಲಿ ತೋರಿಸಿತು. ಮೂಳೆಗೆ ಹರಡಿದಾಗಿನ ನೋವಿಗೆ ಒಂದೇ ಸಲ ಕೊಡುವ 8 ಗ್ರೇ ವಿಕಿರಣವೂ ಹಲವು ಸಲ ಕೊಡುವಷ್ಟೇ ನೋವು ತಗ್ಗಿಸುತ್ತದೆ, ಮುಂದೆ ಮತ್ತೆ ಕೊಡಬೇಕಾಗಿ ಬರುವ ಸಂಭವ ಮಾತ್ರ ಹೆಚ್ಚು. ಘಾಟಿ ಇಳಿದು ಬಾಡಿಗೆ ಕೋಣೆಯಲ್ಲಿ ಉಳಿದು ಚಿಕಿತ್ಸೆ ಪಡೆಯುವ ಚಹಾ ತೋಟದ ಕೂಲಿಗೆ ಈ ವ್ಯತ್ಯಾಸ ಸುಮಾರು ಒಂದು ತಿಂಗಳ ಸಂಬಳ. ಹಾರ್ಮೋನ್ ತಡೆಗೆ ಮೂರು ತಿಂಗಳಿಗೊಮ್ಮೆ ಚುಚ್ಚುಮದ್ದು ಕೊಡಬಹುದು, ಇಲ್ಲವೇ ಒಮ್ಮೆ ಶಸ್ತ್ರಕ್ರಿಯೆಯಿಂದ ವೃಷಣಗಳನ್ನು ತೆಗೆಯಬಹುದು. ಶ್ರೀಮಂತ ದೇಶಗಳಲ್ಲಿ ಎರಡನೆಯದು ಅಪರೂಪವಾಗಿದೆ. ವೆಚ್ಚ ಮತ್ತು ಓಡಾಟ ತಪ್ಪಿಸುವ ಕಾರಣಕ್ಕೆ, ರೋಗಿ ತಿಳಿದು ಒಪ್ಪಿದ್ದರೆ, ಮಸಿನಗುಡಿಯಲ್ಲಿ ಅದು ಸೂಕ್ತ ಆರೈಕೆ. ಅದನ್ನು ಹಳತಾದ ಚಿಕಿತ್ಸೆಯೆಂದು ಅಂಕ ಕಳೆಯುವ ಸೂಚಕ ಇಲ್ಲಿಗೆ ಹೊಂದದು. ಅಳೆಯಬೇಕಾದದ್ದು ರೋಗಿಗೆ ಎರಡೂ ಆಯ್ಕೆಗಳನ್ನು ಅವನ ಭಾಷೆಯಲ್ಲಿ ವಿವರಿಸಲಾಯಿತೇ ಎಂಬುದು.

ಜಿಲ್ಲೆಯಲ್ಲಿ ಇದಕ್ಕೆ ಬಳಸಬಹುದಾದ ನೆಲೆಗಟ್ಟು ಇದೆ. ಗೂಡಲೂರಿನಲ್ಲಿ 1990ರಲ್ಲಿ ಆರಂಭವಾದ ಅಶ್ವಿನಿ ಸಂಸ್ಥೆಯ ಆದಿವಾಸಿ ಆಸ್ಪತ್ರೆಯಲ್ಲಿ ಆದಿವಾಸಿ ಯುವತಿಯರೇ ದಾದಿಯರಾಗಿ, ಹಾಡಿಗಳ ಆರೋಗ್ಯ ಕಾರ್ಯಕರ್ತರಾಗಿ ತರಬೇತಿ ಪಡೆದಿದ್ದಾರೆ. ಅದರ ಸಮುದಾಯ ಆರೋಗ್ಯ ವಿಮೆ 1992ರಿಂದ ನಡೆದುಬಂದದ್ದು, ದೇಶದ ಹಳೆಯ ಪ್ರಯೋಗಗಳಲ್ಲೊಂದು. ಬರೆಯಲಾರದ ರೋಗಿಗೆ ಪ್ರಶ್ನೆಗಳನ್ನು ಅವನದೇ ನುಡಿಯಲ್ಲಿ ಓದಿ ಹೇಳಿ ಉತ್ತರ ಬರೆದುಕೊಳ್ಳಲು ಇಂಥ ಕಾರ್ಯಕರ್ತರೇ ಬೇಕು. ಆದರೆ ಮೂತ್ರ ಮತ್ತು ಲೈಂಗಿಕತೆಯ ಪ್ರಶ್ನೆಗಳಿಗೆ ಗಂಡಸು ಹೆಣ್ಣುಮಕ್ಕಳ ಎದುರು ಬಾಯಿಬಿಡುವುದು ಕಷ್ಟವಾದ್ದರಿಂದ ಗಂಡು ಕಾರ್ಯಕರ್ತರ ಅಗತ್ಯವೂ ಇದೆ. ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಮನೆ ಭೇಟಿಗಳಿಂದ ವರ್ಷದ ನಂತರದ ವಿಚಾರಣೆಯನ್ನು ನಡೆಸಲು ಸಾಧ್ಯ. ನೋವು ನಿವಾರಣೆಗೆ ನೆರೆಯ ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಉಪಶಮನ ಆರೈಕೆಯ ಚಳವಳಿ ಹತ್ತಿರದ ಮಾದರಿ.

ಉಪಯೋಗಗಳು

ಮಾಪನದ ಫಲಿತಾಂಶವನ್ನು ಆಸ್ಪತ್ರೆಗಳು ತಮ್ಮ ಕೆಲಸವನ್ನು ತಿದ್ದಿಕೊಳ್ಳಲು, ಸರ್ಕಾರಗಳು ಯಂತ್ರ ಮತ್ತು ಸಿಬ್ಬಂದಿಯನ್ನು ಎಲ್ಲಿಡಬೇಕೆಂದು ತೀರ್ಮಾನಿಸಲು, ವಿಮಾ ಯೋಜನೆಗಳು ಯಾವ ಚಿಕಿತ್ಸೆಗೆ ಹಣ ಕೊಡಬೇಕೆಂದು ನಿರ್ಧರಿಸಲು ಬಳಸುತ್ತವೆ. ರೋಗಿಗೂ ಇದರಿಂದ ನೇರ ಪ್ರಯೋಜನವಿದೆ: ವರ್ಷದ ನಂತರ ನೂರರಲ್ಲಿ ಎಷ್ಟು ಮಂದಿಗೆ ಸೋರಿಕೆ ಉಳಿದಿದೆ ಎಂಬ ಅಂಕಿ ಎದುರಿಗಿದ್ದರೆ ಶಸ್ತ್ರಕ್ರಿಯೆ ಬೇಕೇ ಬೇಡವೇ ಎಂದು ಅವನು ತಿಳಿದು ಹೇಳಬಲ್ಲ. ಅಂಕಿಗಳನ್ನು ಶಿಕ್ಷೆಗೆ ಬಳಸಿದರೆ ಆಸ್ಪತ್ರೆಗಳು ಕಷ್ಟದ ರೋಗಿಗಳನ್ನು ಬೇರೆಡೆ ಸಾಗಹಾಕುವ ಅಪಾಯವಿದೆ.

ಇಂದಿನ ಸ್ಥಿತಿ

ಲ್ಯಾನ್ಸೆಟ್ ಆಯೋಗ 2024ರಲ್ಲಿ ಕೊಟ್ಟ ವರದಿಯಂತೆ ಜಗತ್ತಿನಲ್ಲಿ ವರ್ಷದ ಹೊಸ ಪ್ರಕರಣಗಳು 2020ರ 14 ಲಕ್ಷದಿಂದ 2040ಕ್ಕೆ 29 ಲಕ್ಷಕ್ಕೆ ಏರಲಿವೆ. ಭಾರತದಲ್ಲಿ ಅವು ಸುಮಾರು 71,000 ತಲುಪಬಹುದು. ಆಯುಸ್ಸು ಹೆಚ್ಚುತ್ತಿರುವುದೇ ಇದಕ್ಕೆ ಮುಖ್ಯ ಕಾರಣ.

ನೀಲಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಉದಕಮಂಡಲದಲ್ಲಿ ಅದಕ್ಕೆ ಸೇರಿದ 700 ಹಾಸಿಗೆಗಳ ಆಸ್ಪತ್ರೆ 2025ರ ಏಪ್ರಿಲ್‌ನಲ್ಲಿ ತೆರೆಯಿತು. ಮುಖ್ಯಮಂತ್ರಿಗಳ ಸಮಗ್ರ ಆರೋಗ್ಯ ವಿಮಾ ಯೋಜನೆ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಸೌಲಭ್ಯದ ಸೂಚಕಗಳು ಹೀಗೆ ಸುಧಾರಿಸುತ್ತಿದ್ದರೂ, ಜನಸಂಖ್ಯಾ ಆಧಾರಿತ ನೋಂದಣಿಯ ನಮೂನೆಯನ್ನು ರೂಪಿಸಿರುವುದು ರೋಗ ಮತ್ತು ಸಾವನ್ನು ಎಣಿಸುವುದಕ್ಕೆ. ಚಿಕಿತ್ಸೆಯಾಗಿ ವರ್ಷ ಕಳೆದ ಮೇಲೆ ರೋಗಿ ಹೇಗಿದ್ದಾನೆ ಎಂಬುದನ್ನು ಬೇರೆಯಾಗಿಯೇ ಕೇಳಬೇಕು.

ಮೂರು ರಾಜ್ಯಗಳಲ್ಲಿ ಓಡಾಡುವ ಇಲ್ಲಿಯ ರೋಗಿಯ ಜೊತೆ ಎಲ್ಲ ಗಡಿಗಳನ್ನೂ ದಾಟುವುದು ಅವನ ಕೈಯಲ್ಲಿರುವ ಕಡತ ಒಂದೇ. ಗ್ಲೀಸನ್ ಅಂಕವಿರುವ ಬಯಾಪ್ಸಿ ವರದಿ, ದಿನಾಂಕ ಸಹಿತ ಪಿಎಸ್‌ಎ ಫಲಿತಾಂಶಗಳು, ಆಸ್ಪತ್ರೆಯ ಬಿಡುಗಡೆ ಪತ್ರ ಇವುಗಳ ಪ್ರತಿಗಳನ್ನು ರೋಗಿ ಮತ್ತು ಮನೆಯವರು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳಬೇಕು, ವಿಳಾಸದಲ್ಲಿ ತಾಲ್ಲೂಕು, ಜಿಲ್ಲೆ ಮತ್ತು ಪಿನ್‌ಕೋಡನ್ನು ತಪ್ಪದೆ ಬರೆಸಬೇಕು.